ಪದಚರ್ಚೆ: ‘ಟ್ರಾನ್ಸ್‌ಕ್ರಿಪ್ಟ್’ಗೆ ‘ನಕಲು’ ಅಂದರೆ ತಪ್ಪಾಗುತ್ತೆ, ಹಾಗಾದರೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದೆರಡು ಪದ ಕೇಳೋದಕ್ಕೆ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತೆ. ಹಿನ್ನೆಲೆ ಹೇಳದೆ ಪದ ಕೇಳಿದರೆ ನಿಘಂಟಿನ ಉತ್ತರ ಸಿಗುತ್ತೆ, ಅದು ನನ್ನ ಹತ್ತಿರ ಈಗಾಗಲೇ ಇದೆ.

ನಾನು ಮಲೆನಾಡಿನ ಒಂದು ತಾಲೂಕು ಕೋರ್ಟಿನಲ್ಲಿ ಬಹಳ ವರ್ಷ ಬೆರಳಚ್ಚುಗಾರನಾಗಿದ್ದೆ. ಈಗ ಮಗಳ ಮನೆ, ಕ್ಯಾಲಿಫೋರ್ನಿಯಾ. ಇಲ್ಲಿ ವಕೀಲರನ್ನು ಇಡಲು ಆಗದೆ ಖುದ್ದಾಗಿ ಕೋರ್ಟಿಗೆ ಹೋಗುವ ಕನ್ನಡದ ಹೆಣ್ಣುಮಕ್ಕಳಿದ್ದಾರೆ. ವಿಚ್ಛೇದನ, ಮಗು ಯಾರ ಹತ್ತಿರ ಇರಬೇಕು, ಜೀವನಾಂಶ, ಇಂಥ ಕೇಸುಗಳು. ಅವರಿಗೆ ಕೈಗೆ ಕೊಡಲು ನಾವು ನಾಲ್ಕು ಜನ ಸೇರಿ ಒಂದು ಕರಪತ್ರ ಮಾಡುತ್ತಿದ್ದೇವೆ. ಅದರ ಕನ್ನಡ ನನ್ನ ಪಾಲಿಗೆ ಬಂದಿದೆ.

ಮೊದಲ ಕರಡಿನಲ್ಲಿ ‘ಟ್ರಾನ್ಸ್‌ಕ್ರಿಪ್ಟ್’ (ವಿಚಾರಣೆಯಲ್ಲಿ ಆಡಿದ ಮಾತನ್ನೆಲ್ಲ ಇದ್ದ ಹಾಗೇ ಬರೆದಿಟ್ಟದ್ದು) ಅನ್ನೋದಕ್ಕೆ ‘ನಕಲು’ ಅಂತ ಬರೆದಿದ್ದೆ. ನಮ್ಮ ಊರ ಕೋರ್ಟಿನಲ್ಲಿ ಎಲ್ಲರೂ ಅನ್ನೋದೇ ಅದು. ‘ನಕಲಿಗೆ ಹಾಕಿದ್ದೀನಿ’, ‘ನಕಲು ಬಂತಾ?’ ಅಂತ ಕಕ್ಷಿದಾರರು ದಿನಾ ಕೇಳುತ್ತಿದ್ದರು. ಅದೇ ರೂಢಿಯಲ್ಲಿ ಒಬ್ಬ ಹೆಣ್ಣುಮಗಳಿಗೆ, ‘ಚಿಂತೆ ಮಾಡಬೇಡಮ್ಮ, ಆಮೇಲೆ ನಕಲಿಗೆ ಅರ್ಜಿ ಹಾಕು, ಸಿಗುತ್ತೆ’ ಅಂದೆ. ಹಾಸನದ ಕಡೆಯವಳು. ವಿಚಾರಣೆ ಮುಗಿದು ಆದೇಶ ಅವಳ ವಿರುದ್ಧ ಬಂತು. ಅಪೀಲಿಗೆ ಅಂತ ನಕಲು ಕೇಳಲು ಹೋದಳು. ಕೌಂಟರಿನಲ್ಲಿ ಒಂದೇ ಹಾಳೆ ಕೊಟ್ಟರು. ಅದರಲ್ಲಿ ಯಾರ್ಯಾರು ಹಾಜರಿದ್ದರು, ಜಡ್ಜ್ ಏನು ಆದೇಶ ಮಾಡಿದರು ಅಷ್ಟೇ ಇತ್ತು. ಅವಳು ಅರ್ಧ ದಿನ ನಿಂತು ಹೇಳಿದ ಮಾತಿನಲ್ಲಿ ಒಂದು ಸಾಲೂ ಇರಲಿಲ್ಲ. ‘ಅಂಕಲ್, ನಾನು ಅಷ್ಟೆಲ್ಲಾ ಹೇಳಿದ್ನಲ್ಲ, ಅದು ಎಲ್ಲಿ?’ ಅಂತ ಕೇಳಿದಳು.

ಅದು ಎಲ್ಲೂ ಇರಲಿಲ್ಲ. ಯಾರೂ ಬರೆದುಕೊಂಡೇ ಇರಲಿಲ್ಲ.

ತಪ್ಪು ನನ್ನದು, ನಾನು ಬಳಸಿದ ಪದದ್ದು. ನಕಲು ಅಂದ ಕೂಡಲೇ ಎಲ್ಲೋ ಒಂದು ಅಸಲು ಇದೆ ಅಂತ ಕೇಳಿದವರು ನಂಬುತ್ತಾರೆ. ನಮ್ಮ ಕಡೆ ಅದು ನಿಜ ಕೂಡ. ಸಾಕ್ಷಿಯ ಹೇಳಿಕೆಯನ್ನು ಬರೆದಿಡೋದು ಕೋರ್ಟಿನದೇ ಕೆಲಸ. ಕಕ್ಷಿದಾರ ಅದನ್ನು ಕೇಳಬೇಕಾಗಿಲ್ಲ, ಅದಕ್ಕಾಗಿ ಯಾರನ್ನೂ ಕರೆತರಬೇಕಾಗಿಲ್ಲ. ಆಮೇಲೆ ನಕಲು ಶುಲ್ಕ ಕಟ್ಟಿದರೆ ಮುಗಿಯಿತು. ಕ್ಯಾಲಿಫೋರ್ನಿಯಾದ ಕೌಟುಂಬಿಕ ಮತ್ತು ದೊಡ್ಡ ಮೊತ್ತದ ಸಿವಿಲ್ ಕೇಸುಗಳಲ್ಲಿ ಹಾಗಲ್ಲ. ಕೋರ್ಟ್ ರಿಪೋರ್ಟರ್ ಅನ್ನುವ ಲೈಸನ್ಸ್ ಇರುವ ವ್ಯಕ್ತಿ ಅಲ್ಲಿ ಕೂತಿದ್ದರೆ ಮಾತ್ರ ಆಡಿದ ಮಾತು ಉಳಿಯುತ್ತೆ. ಎಷ್ಟೋ ಕೋರ್ಟುಗಳು ಈ ಕೇಸುಗಳಿಗೆ ತಾವಾಗಿ ರಿಪೋರ್ಟರನ್ನು ಕೊಡುವುದಿಲ್ಲ. ದುಡ್ಡಿದ್ದವರು ಖಾಸಗಿಯಾಗಿ ಕರೆಸಿಕೊಳ್ಳುತ್ತಾರೆ. ಧ್ವನಿಮುದ್ರಣ ಮಾಡಿಬಿಡಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ಇಲ್ಲಿನ ಸರ್ಕಾರಿ ಸಂಹಿತೆಯ (ಗವರ್ನ್‌ಮೆಂಟ್ ಕೋಡ್) 69957ನೇ ಸೆಕ್ಷನ್ ಅದಕ್ಕೆ ಸಣ್ಣಪುಟ್ಟ ಅಪರಾಧದ ಕೇಸುಗಳಲ್ಲಿ, ಕಡಿಮೆ ಮೊತ್ತದ ಸಿವಿಲ್ ಕೇಸುಗಳಲ್ಲಿ ಮಾತ್ರ ಅವಕಾಶ ಕೊಟ್ಟಿದೆ. 2024ರಲ್ಲಿ ಲಾಸ್ ಏಂಜಲಿಸ್ ಕೋರ್ಟು, ರಿಪೋರ್ಟರ್ ಸಿಗದೆ ಮೂಲಭೂತ ಹಕ್ಕಿಗೇ ಕುತ್ತು ಬರುವ ಕಡೆ ಮುದ್ರಿಸಿಕೊಳ್ಳಬಹುದು ಅಂತ ತನ್ನ ಮಟ್ಟಿಗೆ ಆದೇಶ ಹೊರಡಿಸಿತು. ಕಾನೂನು ಮಾತ್ರ ಆಗ ಬದಲಾಗಲಿಲ್ಲ.

ಹಾಗಾಗಿ ನನಗೆ ಬೇಕಾಗಿರೋದು ‘ಮೊದಲು ಇದನ್ನು ಯಾರಾದರೂ ಬರೆಯಬೇಕು’ ಅನ್ನುವ ಅರ್ಥವನ್ನು ಒಳಗೇ ಇಟ್ಟುಕೊಂಡಿರುವ ಪದ.

ನಿಘಂಟಿನಲ್ಲಿ ‘ಲಿಪ್ಯಂತರ’, ‘ಪ್ರತಿಲೇಖನ’ ಸಿಕ್ಕವು. ಲಿಪ್ಯಂತರ ಅಂದರೆ ಒಂದು ಲಿಪಿಯಿಂದ ಇನ್ನೊಂದಕ್ಕೆ ಇಳಿಸೋದು, ಅದು ಬೇರೆ ವಿಷಯ. ಪ್ರತಿಲೇಖನದಲ್ಲಿ ಮತ್ತೆ ಆ ‘ಪ್ರತಿ’ ಬಂತು, ನಕಲಿನ ನೆಂಟ.

‘ಉಕ್ತಲೇಖನ’ ಹತ್ತಿರ ಬರುತ್ತೆ ಅಂತ ಮೊದಲು ಖುಷಿಯಾಗಿತ್ತು. ಉಕ್ತ ಅಂದರೆ ಆಡಿದ್ದು, ಲೇಖನ ಅಂದರೆ ಬರೆದದ್ದು. ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ಸ್ಲೇಟಿನಲ್ಲಿ ಬರೆದವರಿಗೆಲ್ಲ ಗೊತ್ತಿರುವ ಪದ. ಆದರೆ ನನ್ನ ಕೆಲಸದಲ್ಲೇ ಅದಕ್ಕೆ ಬೇರೆ ಅರ್ಥ ಅಂಟಿಕೊಂಡಿದೆ. ನಾನು ಟೈಪ್ ಮಾಡಿದ ಹೇಳಿಕೆಗಳ ಕೊನೆಗೆ ‘ನನ್ನ ಉಕ್ತಲೇಖನದಂತೆ ತೆರೆದ ನ್ಯಾಯಾಲಯದಲ್ಲಿ ಬೆರಳಚ್ಚು ಮಾಡಲಾಗಿದೆ’ ಅನ್ನುವ ಸಾಲು ಇರುತ್ತಿತ್ತು. ಆ ‘ನನ್ನ’ ಅಂದರೆ ಜಡ್ಜ್ ಸಾಹೇಬರು. ಸಾಕ್ಷಿ ಹೇಳುತ್ತಾನೆ, ಸಾಹೇಬರು ಅದನ್ನು ಸರಿಮಾಡಿ ನಮಗೆ ಹೇಳುತ್ತಾರೆ, ನಾವು ಅದನ್ನು ಟೈಪ್ ಮಾಡುತ್ತೇವೆ. ಪಾಟೀಸವಾಲಿನಲ್ಲಿ ವಕೀಲರು, ‘ಏನಯ್ಯ, ನೀನು ಆ ದಿನ ಅಲ್ಲಿರಲೇ ಇಲ್ಲ ಅಲ್ವಾ?’ ಅಂತ ಕೇಳಿರುತ್ತಾರೆ. ಸಾಕ್ಷಿ, ‘ಅಯ್ಯೋ ಇಲ್ಲ ಸ್ವಾಮಿ, ಇದ್ದೆ, ದೇವರಾಣೆ ಇದ್ದೆ’ ಅಂದಿರುತ್ತಾನೆ. ಹಾಳೆಗೆ ಬರೋದು ಇಷ್ಟು: ‘ನಾನು ಆ ದಿನ ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ.’

ಆ ‘ಎಂದರೆ ಸರಿಯಲ್ಲ’ವನ್ನು ನಾನು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೇನೋ. ಕೇಳಿದವರ ಪ್ರಶ್ನೆಯೂ ಹೇಳಿದವರ ಉತ್ತರವೂ ಒಂದೇ ವಾಕ್ಯದಲ್ಲಿ ಸೇರಿಹೋಗಿರುತ್ತವೆ. ದೇವರಾಣೆ ಎಲ್ಲೋ ಬಿದ್ದುಹೋಗಿರುತ್ತೆ. ಇದು ಕೆಟ್ಟ ಪದ್ಧತಿ ಅಂತ ನಾನು ಹೇಳುತ್ತಿಲ್ಲ. ಓದಿ ಹೇಳಿ, ಸಾಕ್ಷಿ ಒಪ್ಪಿದ ಮೇಲೇ ಸಹಿ ಹಾಕಿಸುತ್ತಿದ್ದೆವು. ಆದರೆ ಇಲ್ಲಿನ ಟ್ರಾನ್ಸ್‌ಕ್ರಿಪ್ಟ್ ಬೇರೆ ಜಾತಿಯದ್ದು. ಪ್ರಶ್ನೆ ಒಂದು ಸಾಲು, ಉತ್ತರ ಒಂದು ಸಾಲು. ವಕೀಲರು ತಡೆದದ್ದು, ಜಡ್ಜ್ ಗದರಿದ್ದು, ‘ಊಂ’ ಅಂದದ್ದೂ ಇರುತ್ತೆ. ಅಪೀಲು ಕೋರ್ಟು ನೋಡೋದು ಅದನ್ನೇ. ಅದು ಇಲ್ಲದಿದ್ದರೆ ಕೆಳಗಿನ ಕೋರ್ಟು ಮಾಡಿದ್ದು ಸರಿ ಅಂತಲೇ ಮೇಲಿನವರು ಹಿಡಿಯುತ್ತಾರೆ. ಹಾಗಾಗಿ ‘ಉಕ್ತಲೇಖನ’ ಅಂದರೆ ನಮ್ಮ ಕೋರ್ಟು ಕಂಡವರಿಗೆ ತಪ್ಪು ಚಿತ್ರ ಬರುತ್ತೆ.

ಆ ಕೋರ್ಟ್ ರಿಪೋರ್ಟರನ್ನು ಕನ್ನಡದಲ್ಲಿ ಏನಂತ ಕರೆಯೋದು ಅನ್ನೋದು ಎರಡನೇ ತೊಡಕು. ನಮ್ಮ ವಿಧಾನಸಭೆಯಲ್ಲಿ ಸದಸ್ಯರ ಮಾತನ್ನು ಬರೆದುಕೊಳ್ಳುವವರನ್ನು ವರದಿಗಾರರು ಅಂತಲೇ ಕರೆಯುತ್ತಾರೆ. ಆ ಧೈರ್ಯದ ಮೇಲೆ ‘ಕೋರ್ಟ್ ವರದಿಗಾರರು ಬೇಕೆಂದು ಮುಂಚೆಯೇ ಅರ್ಜಿ ಕೊಡಿ’ ಅಂತ ಬರೆದಿದ್ದೆ. ಕರಡು ಓದಿದ ಒಬ್ಬಾಕೆ ಗಾಬರಿಯಾಗಿ, ‘ನಮ್ಮನೆ ವಿಷಯ ಪೇಪರ್‌ನವರಿಗೆ ಯಾಕೆ ಅಂಕಲ್?’ ಅಂದಳು. ಅವಳು ಹೇಳಿದ್ದು ಸರಿಯೇ. ಕನ್ನಡದಲ್ಲಿ ಕೋರ್ಟ್ ವರದಿಗಾರ ಅಂದರೆ ಕೋರ್ಟಿನ ಸುದ್ದಿ ಬರೆಯುವ ಪತ್ರಕರ್ತ.

‘ಶೀಘ್ರಲಿಪಿಗಾರ’ ಒಳ್ಳೆಯ ಪದ, ರೂಢಿಯಲ್ಲೂ ಇದೆ. ಇಲ್ಲಿನ ಹಳೆಯ ಲೈಸನ್ಸಿನ ಹೆಸರಲ್ಲೂ ಶೀಘ್ರಲಿಪಿ ಅನ್ನುವ ಅರ್ಥವೇ ಇದೆ. ಅವರ ಯಂತ್ರವನ್ನು ಹತ್ತಿರದಿಂದ ನೋಡಿದ್ದೇನೆ. 22 ಕೀಲಿ ಇರುತ್ತವೆ. ನಾವು ಒಂದೊಂದೇ ಕುಟ್ಟುತ್ತಿದ್ದೆವು. ಅವರು ನಾಲ್ಕೈದು ಕೀಲಿಗಳನ್ನು ಒಟ್ಟಿಗೆ ಒತ್ತಿ ಒಂದು ಪೂರ್ತಿ ಉಚ್ಚಾರವನ್ನೇ ಇಳಿಸುತ್ತಾರೆ. ನಾವು ಕೈಯಲ್ಲಿ ‘ಸ್ತ್ರೀ’ ಅಂತ ಒಂದೇ ಅಕ್ಷರವಾಗಿ ಬರೆಯುತ್ತೇವಲ್ಲ, ಅದರ ಹಾಗೆ. ಲೈಸನ್ಸ್ ಬೇಕಾದರೆ ನಿಮಿಷಕ್ಕೆ 200 ಪದದ ವೇಗದಲ್ಲಿ ನೂರಕ್ಕೆ 97.5ರಷ್ಟು ಸರಿ ಬರಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಕೈ ಎತ್ತಿ ‘ಒಬ್ಬೊಬ್ಬರೇ’ ಅನ್ನುತ್ತಾರೆ, ಜಡ್ಜ್ ಆದರೂ ನಿಲ್ಲಿಸುತ್ತಾರೆ. ಆದರೆ 2022ರಿಂದ ಇಲ್ಲಿ ಇನ್ನೊಂದು ಬಗೆಯವರಿಗೂ ಲೈಸನ್ಸ್ ಬಂದಿದೆ. ಅವರು ಬಾಯಿಗೆ ಮುಚ್ಚಳದಂಥ ಮೈಕ್ ಹಿಡಿದು, ಕೇಳಿದ್ದನ್ನೆಲ್ಲ ಪಿಸುಮಾತಿನಲ್ಲಿ ತಾವೇ ಮತ್ತೆ ಹೇಳುತ್ತಾರೆ. ಅಲ್ಲಿ ಲಿಪಿಯೇ ಇಲ್ಲ. ಶೀಘ್ರಲಿಪಿಗಾರ ಅಂದರೆ ಅವರು ಹೊರಗುಳಿಯುತ್ತಾರೆ.

ಈಗ ದುಡ್ಡಿನ ಮಾತು. ಬಡವರಿಗೆ ನೋವಾಗೋದು ಇಲ್ಲೇ, ಪದಗಳು ಹೆಚ್ಚು ದಾರಿ ತಪ್ಪಿಸೋದೂ ಇಲ್ಲೇ.

ಎರಡು ಖರ್ಚು ಬೇರೆಬೇರೆ. ರಿಪೋರ್ಟರ್ ಬಂದು ಕೂರಲು ಒಂದು. ಆಮೇಲೆ ಅವರು ಯಂತ್ರದಲ್ಲಿ ಇಳಿಸಿದ್ದನ್ನು ಓದುವಂತೆ ಬರೆದುಕೊಡಲು ಇನ್ನೊಂದು. ಎರಡನೆಯದರ ದರವನ್ನು ಕಾನೂನೇ ಕಟ್ಟಿದೆ. 100 ಪದಕ್ಕೆ 1 ಡಾಲರ್ 13 ಸೆಂಟ್. 2021ರವರೆಗೆ 85 ಸೆಂಟ್ ಇತ್ತು. ಈ 100 ಪದದ ಅಳತೆಗೆ ‘ಫೋಲಿಯೋ’ ಅನ್ನುತ್ತಾರೆ. ನಮಗೂ ಗೊತ್ತಿರುವ ಪದವೇ, ಆದರೆ ನಮ್ಮಲ್ಲಿ ಅದು ಹಾಳೆಯ ಲೆಕ್ಕ. ನಿಮಿಷಕ್ಕೆ 150 ಪದ ಅಂತ ಹಿಡಿದರೂ ಒಂದು ಗಂಟೆ ಮಾತಿಗೆ 90 ಫೋಲಿಯೋ, ಅಂದರೆ ನೂರು ಡಾಲರ್ ಮೇಲೆ. ಮೂರು ದಿನದ ವಿಚಾರಣೆ ಅಂದರೆ ನೀವೇ ಲೆಕ್ಕ ಹಾಕಿ. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಮಿಸಿಸಿಪಿಯ ಒಬ್ಬ ತಾಯಿಯ ಕೇಸು ಬಂದಿತ್ತು. ಮಕ್ಕಳ ಮೇಲಿನ ಹಕ್ಕನ್ನೇ ಕೆಳಗಿನ ಕೋರ್ಟು ತೆಗೆದಿತ್ತು. ಅಪೀಲಿಗೆ ಕಡತ ತಯಾರಿಸಲು 2,352 ಡಾಲರ್ 36 ಸೆಂಟ್ ಕಟ್ಟು ಅಂದರು. ಅವಳ ಹತ್ತಿರ ಇರಲಿಲ್ಲ. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಇಂಥ ಅಪೀಲನ್ನು ತಡೆಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಕ್ರಿಮಿನಲ್ ಕೇಸಿನ ಬಡ ಅಪರಾಧಿಗಳಿಗೆ 1956ರಲ್ಲೇ ಗ್ರಿಫಿನ್ ಕೇಸಿನಲ್ಲಿ ಆ ಹಕ್ಕು ಸಿಕ್ಕಿತ್ತು. ಕ್ಯಾಲಿಫೋರ್ನಿಯಾದಲ್ಲಿ 2018ರ ಜೇಮ್ಸನ್ ತೀರ್ಪು ದೊಡ್ಡದು. ಜೈಲಿನ ವೈದ್ಯರ ಮೇಲೆ ದಾವೆ ಹಾಕಿದ್ದ ಒಬ್ಬ ಕೈದಿಗೆ ಕೋರ್ಟ್ ಶುಲ್ಕವೆಲ್ಲ ಬಿಟ್ಟಿದ್ದರು, ಆದರೆ ರಿಪೋರ್ಟರನ್ನು ಕೊಡಲಿಲ್ಲ. ಮಾತು ಉಳಿಯಲಿಲ್ಲ, ಅಪೀಲು ಬಿತ್ತು. ಅದು ತಪ್ಪು, ಯಾರ ಶುಲ್ಕ ಬಿಟ್ಟಿದ್ದಾರೋ ಅವರು ಕೇಳಿದರೆ ರಿಪೋರ್ಟರನ್ನು ಕೊಡಲೇಬೇಕು ಅಂತ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು.

ಆ ‘ಕೇಳಿದರೆ’ ಅನ್ನೋದು ಎಷ್ಟು ಮುಖ್ಯ ನೋಡಿ. ಅದಕ್ಕೆ ಬೇರೆಯೇ ಅರ್ಜಿ ನಮೂನೆ ಇದೆ, ಎಫ್‌ಡಬ್ಲ್ಯು-020. ಶುಲ್ಕ ಬಿಟ್ಟರು ಅಂತ ಸುಮ್ನೆ ಕೂತರೆ ಯಾರೂ ಬರಲ್ಲ. ಬಂದರೂ ಅದು ಕೂರುವ ಖರ್ಚಿಗೆ ಮಾತ್ರ, ಬರೆದುಕೊಡುವ ಖರ್ಚು ಹಾಗೇ ಇರುತ್ತೆ. ಆ ಎರಡನೆಯದಕ್ಕೆ ರಿಪೋರ್ಟರುಗಳ ಲೈಸನ್ಸ್ ಮಂಡಳಿಯ ಹತ್ತಿರ ಒಂದು ನಿಧಿ ಇದೆ, 1981ರಿಂದ. ರಿಪೋರ್ಟರುಗಳು ಕಟ್ಟುವ ಲೈಸನ್ಸ್ ಶುಲ್ಕದಲ್ಲಿ ಮಿಕ್ಕಿದ್ದನ್ನೇ ಅದಕ್ಕೆ ಹಾಕುತ್ತಾರೆ. ತಮ್ಮ ಕಸುಬಿನವರ ದುಡ್ಡಿನಿಂದ ಬಡ ಕಕ್ಷಿದಾರರಿಗೆ ನೆರವು! ನನಗೆ ಇದು ಬಹಳ ಹಿಡಿಸಿತು.

ಈ ಶುಲ್ಕ ಬಿಡೋದಕ್ಕೆ ‘ವಿನಾಯಿತಿ’ ಅಂತ ಬರೆದರೆ ಅರ್ಧ ಜನ ‘ರಿಯಾಯಿತಿ’ ಅಂತ ಓದಿಕೊಂಡು ‘ಎಷ್ಟು ಪರ್ಸೆಂಟ್ ಕಮ್ಮಿ?’ ಅಂತ ಕೇಳುತ್ತಾರೆ. ‘ಶುಲ್ಕ ಮಾಫಿ’ ಎಲ್ಲರಿಗೂ ಅರ್ಥವಾಗುತ್ತೆ, ಅದನ್ನೇ ಇಟ್ಟಿದ್ದೇನೆ. ನಿಧಿಯ ಹೆಸರಿನಲ್ಲಿ ‘ಮರುಪಾವತಿ’ ಅನ್ನುವ ಅರ್ಥದ ಪದ ಇದೆ. ಹಾಗೇ ಬರೆದರೆ ಮೊದಲು ಕೈಯಿಂದ ಕಟ್ಟಬೇಕು ಅಂದುಕೊಳ್ಳುತ್ತಾರೆ. ನಿಜಕ್ಕೂ ಬಾಕಿ ಇದ್ದರೆ ರಿಪೋರ್ಟರಿಗೇ ನೇರವಾಗಿ ಕೊಡುವುದೂ ಇದೆ. ಅದಕ್ಕೆ ‘ನೆರವು ನಿಧಿ’ ಅಂದೆ. ಇನ್ನು ಯಾರಿಗೆ ಅನ್ನುವಲ್ಲಿ ‘ನಿರ್ಗತಿಕರಿಗೆ’ ಅಂತ ಬರೆಯಲು ನನ್ನ ಕೈ ಬರಲಿಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಲ್ಲಿ ಮೊದಲು ‘ಪಾಪರ್’ ಅಂತಿದ್ದುದನ್ನು 1976ರಲ್ಲಿ ತಿದ್ದಿದರು. ಆದರೆ ಜನರ ಬಾಯಲ್ಲಿ ‘ಪಾಪರ್ ಆದ’ ಅಂದರೆ ದಿವಾಳಿ ಎದ್ದ ಅಂತ ಇಂದಿಗೂ ಉಳಿದಿದೆ. ದಿನಾ ದುಡಿದು ಮಗು ಸಾಕುತ್ತಿರುವ ಹೆಂಗಸು ತನ್ನನ್ನು ನಿರ್ಗತಿಕಳು ಅಂತ ಬರೆದು ಸಹಿ ಹಾಕಲ್ಲ, ಅರ್ಜಿಯನ್ನೇ ಬಿಡುತ್ತಾಳೆ. ‘ಕಡಿಮೆ ವರಮಾನದವರು’ ಸಾಕು.

ಕೊನೆಗೆ ಟ್ರಾನ್ಸ್‌ಕ್ರಿಪ್ಟಿಗೆ ನನಗೆ ಹೊಳೆದ ಪದ. ವಿಧಾನಸಭೆಯಲ್ಲಿ ‘ಅದು ಕಡತಕ್ಕೆ ಹೋಗಬಾರದು’, ‘ಕಡತದಿಂದ ತೆಗೆಸಿ’ ಅನ್ನುತ್ತಾರಲ್ಲ. ಅಲ್ಲಿ ಕಡತ ಅಂದರೆ ಫೈಲು ಅಲ್ಲ, ಆಡಿದ ಮಾತು ಉಳಿಯುವ ಜಾಗ. ಹಿಂದೆ ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಹಚ್ಚಿ ಕಪ್ಪು ಮಾಡಿ ಬಳಪದಲ್ಲಿ ಬರೆಯುತ್ತಿದ್ದ ಮಡಿಕೆ ಪುಸ್ತಕ. ಶೃಂಗೇರಿ ಮಠದ ಕಡತಗಳು ಇಂದಿಗೂ ಇವೆ. ಹಾಗಾಗಿ ‘ಮಾತಿನ ಕಡತ’ ಅಂದರೆ ಹೇಗೆ? ‘ನಿಮ್ಮ ಮಾತು ಕಡತಕ್ಕೆ ಹೋಗಬೇಕಾದರೆ ಮುಂಚೆಯೇ ಕೇಳಿ’ ಅಂತ ಬರೆದರೆ ಆ ಹಾಸನದ ಹುಡುಗಿಗೆ ಅವತ್ತು ಅರ್ಥವಾಗುತ್ತಿತ್ತು ಅಂತ ನನಗನ್ನಿಸುತ್ತೆ. ಬರೆಯುವವರಿಗೆ ‘ಕಡತಗಾರರು’ ಅನ್ನಬಹುದಾ, ಅಥವಾ ಸುಮ್ಮನೆ ‘ಕೋರ್ಟ್ ರಿಪೋರ್ಟರ್’ ಅಂತಲೇ ಬಿಟ್ಟು ಪಕ್ಕದಲ್ಲಿ ‘ನಿಮ್ಮ ಮಾತನ್ನು ಬರೆದುಕೊಳ್ಳುವವರು’ ಅಂತ ಬಿಡಿಸಿ ಹೇಳೋದೇ ಒಳ್ಳೆಯದಾ? ಉತ್ತರ ಕರ್ನಾಟಕದ, ಕರಾವಳಿಯ ಕೋರ್ಟುಗಳಲ್ಲಿ ಬೇರೆ ಪದ ಕೇಳಿದ್ದರೆ ಹೇಳಿ. ‘ಕಡತ’ ಅಂದ ಕೂಡಲೇ ನಿಮ್ಮ ಮನೆಯವರಿಗೆ ಏನು ಹೊಳೆಯುತ್ತೆ ಅಂತಲೂ ಒಮ್ಮೆ ಕೇಳಿ ನೋಡಿ. ಫೈಲು ಅಂತ ಮಾತ್ರ ಹೊಳೆದರೆ ನಾನು ಬೇರೆ ಹುಡುಕಬೇಕು.

ಆ ಹುಡುಗಿ ಈಗ ತಾನು ಹೇಳಿದ್ದನ್ನು ನೆನಪಿನಿಂದ ಬರೆಯುತ್ತಿದ್ದಾಳೆ. ಹಾಗೆ ಬರೆದದ್ದಕ್ಕೆ ಎದುರು ಕಕ್ಷಿ ತಿದ್ದುಪಡಿ ಹೇಳಿ, ಜಡ್ಜ್ ಒಪ್ಪಿದರೆ ಕಡತದ ಬದಲಿಗೆ ನಡೆಯುತ್ತೆ. ವಾರಕ್ಕೆರಡು ಸಂಜೆ ನಮ್ಮ ಮನೆಗೆ ಬರುತ್ತಾಳೆ. ಅವಳು ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಅದಕ್ಕೂ ಒಂದು ಕನ್ನಡ ಹೆಸರು ಬೇಕು. ಕರಪತ್ರ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತೆ, ಅಷ್ಟರೊಳಗೆ ಬರೆದರೆ ಸಾಕು.