ದೊಡ್ಡಪ್ಪನಿಗೂ ವಿನಯನಿಗೂ ಸೇರಿ ಒಂದೇ ಉತ್ತರ

ದೊಡ್ಡಪ್ಪ, ನಿಮ್ಮ ಮೆಸೇಜ್ ನೋಡಿದೆ. ತುರ್ತು ಪರಿಸ್ಥಿತಿ ತಂದ ಪಕ್ಷಕ್ಕೆ ಸ್ವಾತಂತ್ರ್ಯದ ಬಗ್ಗೆ ಮಾತಾಡುವ ಯೋಗ್ಯತೆ ಇಲ್ಲ ಅಂದಿದ್ದೀರಿ. ಅದರ ಕೆಳಗೆ ವಿನಯ, ಈಗ ಕೇಂದ್ರದಲ್ಲಿ ಇರೋದೇ ಅಘೋಷಿತ ತುರ್ತು ಪರಿಸ್ಥಿತಿ ಅಂತ ಹಾಕಿದ್ದಾನೆ. ಟೈಪ್ ಮಾಡೋಕೆ ಬೇಜಾರು, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಕೇಳಿ.

ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕ್ ಇದೆಯಲ್ಲ, ಅದು ಮೊದಲು ಸೆಂಟ್ರಲ್ ಜೈಲು. ಮಧ್ಯದಲ್ಲಿ ಕಾವಲು ಗೋಪುರ ಈಗಲೂ ನಿಂತಿದೆ. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಿರೋಧ ಪಕ್ಷದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನೆಲ್ಲ ಹಿಡಿದು ಅಲ್ಲಿಟ್ಟರು. ನಟಿ ಸ್ನೇಹಲತಾ ರೆಡ್ಡಿ ಅವರಿಗೆ ಆಸ್ತಮಾ. ತಿಂಗಳುಗಟ್ಟಲೆ ಅದೇ ಜೈಲಿನಲ್ಲಿದ್ದರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಪೆರೋಲ್ ಕೊಟ್ಟರು. ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಇಷ್ಟರ ಮಟ್ಟಿಗೆ ದೊಡ್ಡಪ್ಪ ಹೇಳೋದು ನೂರಕ್ಕೆ ನೂರು ಸರಿ.

ಆದರೆ ದೊಡ್ಡಪ್ಪ, ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಆ ಹಳೇ ಜೈಲಿನ ಜಾಗದಲ್ಲೇ ಮಾಡಬೇಕು ಅಂತ 2021ರಲ್ಲಿ ಆದೇಶ ಬಂತು. ಆಗ ಇದ್ದದ್ದು ಅಡ್ವಾಣಿಯವರ ಪಕ್ಷದ ಸರ್ಕಾರವೇ. ಅದಕ್ಕೂ ಮೊದಲು, 2019ರ ಡಿಸೆಂಬರ್‌ನಲ್ಲಿ, ಜನ ಗುಂಪು ಸೇರಬಾರದು ಅಂತ ಊರಿಗೆಲ್ಲ 144ನೇ ಸೆಕ್ಷನ್ ಹಾಕಿ, ಟೌನ್ ಹಾಲ್ ಹತ್ತಿರ ಟಿವಿಯವರ ಜೊತೆ ಮಾತಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಅರ್ಧ ಮಾತಿನಲ್ಲೇ ಎಳೆದುಕೊಂಡು ಹೋದರು. ಆ 144 ಕಾನೂನಿಗೆ ವಿರುದ್ಧ ಅಂತ ಎರಡೇ ತಿಂಗಳಲ್ಲಿ ಹೈಕೋರ್ಟ್ ಹೇಳಿತು. ಆಗ ಈ ಗ್ರೂಪಿನಲ್ಲಿ ನೀವು ಒಂದು ಮಾತೂ ಆಡಲಿಲ್ಲ.

ವಿನಯ, ನೀನು ನಗಬೇಡ. 2023ರಲ್ಲಿ ಸರ್ಕಾರ ಬದಲಾಯಿತು, ಆದೇಶ ಹಾಗೇ ಉಳಿಯಿತು. ಬಿಜೆಪಿ ಇದ್ದಾಗ ಅಂಗನವಾಡಿಯವರು, ಕಾಂಗ್ರೆಸ್ ಇರುವಾಗ ಆಶಾ ಕಾರ್ಯಕರ್ತೆಯರು, ಇಬ್ಬರೂ ಕೂತಿದ್ದು ಫ್ರೀಡಂ ಪಾರ್ಕಿನಲ್ಲೇ. ಅಲ್ಲಿ ಎಷ್ಟು ಕೂಗಿದರೂ ವಿಧಾನಸೌಧಕ್ಕೆ ಕೇಳಿಸಲ್ಲ. ಸಾಲದ್ದಕ್ಕೆ 2025ರ ಅಕ್ಟೋಬರ್‌ನಲ್ಲಿ, ಸರ್ಕಾರಿ ಜಾಗದಲ್ಲಿ ಹತ್ತು ಜನಕ್ಕಿಂತ ಜಾಸ್ತಿ ಸೇರೋಕೆ ಅನುಮತಿ ಬೇಕು ಅಂದರು. ಎಲ್ಲರಿಗೂ ಗೊತ್ತು, ಕಣ್ಣಿದ್ದದ್ದು ಆರೆಸ್ಸೆಸ್ ಶಾಖೆಗಳ ಮೇಲೆ. ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು. ನಾಳೆ ಇನ್ನೊಬ್ಬರು ಬಂದು ಅದೇ ಆದೇಶವನ್ನು ನಿಮ್ಮ ಕಾರ್ಮಿಕ ಸಂಘದ ಮೇಲೆ ಹಾಕಿದ್ದರೆ ಏನು ಮಾಡುತ್ತಿದ್ದೆ? ವಿರೋಧ ಪಕ್ಷದಲ್ಲಿದ್ದಾಗ ಬೈದ ಆದೇಶವನ್ನು ಕುರ್ಚಿಗೆ ಬಂದ ಮೇಲೆ ಯಾರೂ ಹರಿದು ಹಾಕಲ್ಲ. ಬೇಕಾಗುತ್ತೆ ಅಂತ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಹಾಂ, ಪ್ರತಿಭಟನೆ ಮಾಡಿದರೆ ಟ್ರಾಫಿಕ್ ಜಾಮ್ ಆಗುತ್ತೆ ಅಂತ ಅತ್ತೆ ಕೇಳಿದ್ದರು. ನಿಜ ಅತ್ತೆ, ಆಗುತ್ತೆ. ಆದರೆ ಎಲೆಕ್ಷನ್ ಬಂದರೆ ಎಲ್ಲಾ ಪಕ್ಷದ ರೋಡ್ ಶೋಗೂ ರಸ್ತೆ ಸಿಗುತ್ತೆ, ಆಶಾ ಕಾರ್ಯಕರ್ತೆಯರಿಗೆ ಮಾತ್ರ ಸಿಗಲ್ಲ, ಅಲ್ವಾ?