ಚರ್ಚಿನ ಎಲ್ಲ ಸೇವೆಗೂ ಹೂಂ ಅಂದು ಸುಸ್ತಾಗಿದ್ದೇನೆ. ನೀವು ಹೇಗೆ ನಿಭಾಯಿಸಿದಿರಿ?

ಕೇಶ್ವಾಪುರದ ತಂಗಿ (ಕೇಳಿದ್ದು):
ಎಲ್ಲರಿಗೂ ವಂದನೆ. ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ವಯಸ್ಸು 26. ಸಭೆಯಲ್ಲಿ ಕ್ವಾಯರ್, ಯುವಜನ ಕೂಟದ ಕಾರ್ಯದರ್ಶಿ ಕೆಲಸ, ಕ್ರಿಸ್‌ಮಸ್ ನಾಟಕ, ಸಂಡೇ ಸ್ಕೂಲ್, ಎಲ್ಲ ನನ್ನ ತಲೆ ಮೇಲೇ. ದೇವರು ಕರೆದಿದ್ದು ಮಕ್ಕಳಿಗೆ ಕಲಿಸೋದಕ್ಕೆ ಅಂತ ಮನಸ್ಸು ಹೇಳುತ್ತೆ. ಆದರೆ ಎರಡು ವರ್ಷವಾದರೂ ಕ್ಲಾಸಿಗೆ ಬರೋದು ಮೂರೇ ಮಕ್ಕಳು. ಇದು ಕರೆ ಹೌದೋ ಅಲ್ವೋ? ಅನುಭವ ಇದ್ದವರು ಹೇಳಿ.

ಧಾರವಾಡದ ನಿವೃತ್ತ ಮಾಸ್ತರು:
ತಂಗೀ, ಕನ್ನಡ ಕಲಿಸಿಯೇ ತಲೆ ಬೆಳ್ಳಗಾದವನು ನಾನು. ಜರ್ಮನ್ ಪಾದ್ರಿ ಕಿಟೆಲ್ ಬರೆದ ಕನ್ನಡ-ಇಂಗ್ಲಿಷ್ ನಿಘಂಟು ಇವತ್ತೂ ಮೇಜಿನ ಮೇಲಿದೆ. ಒಂದು ಕೈಯಲ್ಲಿ ಎತ್ತೋಕಾಗಲ್ಲ. ಅವರನ್ನು ಕಳಿಸಿದ ಬಾಸೆಲ್ ಮಿಶನ್ನಿನವರು 1837ರಲ್ಲೇ ನಮ್ಮೂರಿಗೆ ಬಂದಿದ್ದರು. ಕಿಟೆಲ್ ಈ ದೇಶಕ್ಕೆ ಬಂದಿದ್ದು 1853ರಲ್ಲಿ, 21ರ ಹುಡುಗ. ನಿಘಂಟು ಅಚ್ಚಾಗಿದ್ದು 1894ರಲ್ಲಿ, ಸುಮಾರು 70 ಸಾವಿರ ಪದ. ನಡುವೆ ಜರ್ಮನಿಗೆ ಹೋಗಿದ್ದವರು ಇದೊಂದು ಕೆಲಸಕ್ಕಾಗಿ ಮತ್ತೆ ಬಂದರು. ಕೊನೆಕೊನೆಗೆ ಕಣ್ಣು ಕೈಕೊಟ್ಟಿತ್ತು. ಆ ವರ್ಷಗಳ ಯಾವುದೋ ಒಂದು ಮಂಗಳವಾರ ಅವರು ಎಷ್ಟು ಪದ ಬರೆದಿರಬಹುದು ಅಂತ ಸುಮ್ನೆ ಯೋಚಿಸುತ್ತಿರುತ್ತೇನೆ. ಹತ್ತು? ಐದು? ನಿನ್ನ ಮೂರು ಮಕ್ಕಳನ್ನು ಆ ಲೆಕ್ಕದಲ್ಲಿ ನೋಡು.

ಬೆಟಗೇರಿಯ ನರ್ಸ್:
ನಾನೂ ಮೊದಲು ಎಲ್ಲದಕ್ಕೂ ಓಡುತ್ತಿದ್ದೆ. ಒಂದು ಸಲ ವಾರ್ಡಿನಲ್ಲಿ ನೇಕಾರರ ಮನೆಯ ಅಜ್ಜಿಯೊಬ್ಬಳಿಗೆ, ಪ್ರಾರ್ಥನೆ ಮಾಡ್ಲಾ ಅಜ್ಜೀ ಅಂತ ಕೇಳಿದೆ. "ಅದಿರ್ಲಿ ಯವ್ವಾ, ಮೊದಲ ಈ ಉಗುರು ತೆಗಿ, ಸೆರಗಿಗೆ ಸಿಕ್ಕೊಳ್ಳಾಕತ್ತಾವ" ಅಂದಳು. ಬಿಸಿನೀರಲ್ಲಿ ಕೈ ನೆನೆಸಿ ತೆಗೆದೆ. ವಯಸ್ಸಾದವರ ಉಗುರು ಕೊಂಬಿನ ಹಾಗೆ ಗಟ್ಟಿ, ಅವಸರ ಮಾಡಿದರೆ ರಕ್ತ ಬರುತ್ತೆ. ಅರ್ಧ ತಾಸು ಹಿಡಿಯಿತು. ಅಷ್ಟರಲ್ಲಿ ಅವಳು ತೀರಿಹೋದ ಮಗನ ವಿಷಯ ಪೂರ್ತಿ ಹೇಳಿದ್ದಳು. ಪ್ರಾರ್ಥನೆ ಮಾತು ಮತ್ತೆ ಎತ್ತಲಿಲ್ಲ. ನಾನು ಮನೆಗೆ ಹೋಗಿ ಮಾಡಿದೆ.

11 ವರ್ಷದಿಂದ ಗುರುವಾರ ಡ್ಯೂಟಿ ಮುಗಿದ ಮೇಲೆ ನೇಲ್ ಕಟರ್ ಹಿಡಿದು ಕೂರೋದೇ ನನ್ನ ಸೇವೆ. ಉಳಿದದ್ದು ಬಿಟ್ಟೆ. ಬಿಟ್ಟಾಗ ಭಕ್ತಿ ಕಡಿಮೆಯಾಯ್ತು ಅಂತ ಮಾತು ಬಂತು. ಒಂದು ವರ್ಷ ಬೇಜಾರಿತ್ತು, ಆಮೇಲೆ ಹೋಯ್ತು.

ಬ್ಯಾಡಗಿಯ ಗುಮಾಸ್ತ:
ನಂದು ಸೋತ ಕತೆ. ಕರೆ ಬಂತು ಅಂತ ಮೆಣಸಿನಕಾಯಿ ಅಂಗಡಿ ಕೆಲಸ ಬಿಟ್ಟೆ. ಎಂಟು ತಿಂಗಳಿಗೆ ಸಾಲ ಆಯ್ತು, ಅದೇ ಅಂಗಡಿಗೆ ತಲೆ ತಗ್ಗಿಸಿ ವಾಪಸ್ ಹೋದೆ. ಆಗ ಬೈಬಲಿನ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ಬೇರೆ ಥರ ಓದಿಸಿಕೊಂಡಿತು. ಸುವಾರ್ತೆ ಸಾರುತ್ತಿದ್ದ ಪೌಲ ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದ. ಅಲ್ಲಿ ಗುಡಾರ ಹೊಲಿಯುವ ಕೆಲಸವನ್ನೂ ಮಾಡಿದ. ಈಗ ಸೀಸನ್ ಶುರುವಾದರೆ ನಾನು ಯಾವ ಕೂಟಕ್ಕೂ ಹೋಗಲ್ಲ. ರಾತ್ರಿ ಒಬ್ಬ ಹಮಾಲಿ ಅಣ್ಣನಿಗೆ ಅಕ್ಷರ ಕಲಿಸುತ್ತೇನೆ, ಅವರಿಗೆ ಬೈಬಲ್ ಸ್ವಂತ ಓದಬೇಕಂತೆ. ಇನ್ನೂ ಕಾಗುಣಿತದಲ್ಲೇ ಇದ್ದೇವೆ. ಕೆಮ್ಮು, ಸೀನು ನಡುವೆ.

ಹುಬ್ಬಳ್ಳಿಯ ಅತ್ತೆ:
ಎಲ್ಲರೂ ಗಟ್ಟಿ ಹಿಡಿ ಅನ್ನುತ್ತಿದ್ದೀರಿ. ಸರಿ. ಆದರೆ ಮೂರೇ ಮಕ್ಕಳು ಯಾಕೆ ಅಂತ ಯಾರಾದರೂ ಕೇಳಿದಿರಾ? ಕ್ಲಾಸ್ ಎಷ್ಟು ಹೊತ್ತಿಗವ್ವಾ? ಟ್ಯೂಶನ್ ಟೈಮಿಗೆ ಇಟ್ಟು, ಮಕ್ಕಳು ಬರಲಿಲ್ಲ, ಕರೆ ಇಲ್ಲ ಅಂತ ಅತ್ತರೆ ದೇವರಾದರೂ ಏನು ಮಾಡ್ಯಾನು?

ಕೇಶ್ವಾಪುರದ ತಂಗಿ:
ಅತ್ತೆ ಹೇಳಿದ್ದು ನಿಜ, ಟ್ಯೂಶನ್ ಟೈಮೇ. ಮುಂದಿನ ವಾರದಿಂದ ಆರಾಧನೆ ಮುಗಿದ ಕೂಡಲೇ ಇಡುತ್ತೇನೆ. ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಅಂತ ಪಾಸ್ಟರಿಗೆ ಹೇಳಿದೆ. "ಮತ್ಯಾರು ಮಾಡ್ತಾರೆ?" ಅಂದರು. ನಾನು ಸುಮ್ನಿದ್ದೆ. ಜೀವನದಲ್ಲಿ ಮೊದಲ ಸಲ. ಕ್ವಾಯರ್ ಬಿಡೋದು ಕಷ್ಟ, ಹಾಡೋದು ಇಷ್ಟ ನೋಡಿ. ಮಾಸ್ತರೇ, ನಿಮ್ಮ ಹತ್ತಿರ ಮಕ್ಕಳಿಗೆ ತೋರಿಸುವ ಹಳೇ ಚಿತ್ರಪಟಗಳೇನಾದರೂ ಇವೆಯಾ? ಇದ್ದರೆ ಶನಿವಾರ ಚಿಗರಿ ಬಸ್ ಹತ್ತಿ ಬರುತ್ತೇನೆ.