ಜೋಧಪುರದ ಜಸವಂತ್ ಥಡಾ: ಕೋಟೆಗಿಂತ ಮೊದಲೋ, ಆಮೇಲೋ?

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಹುಬ್ಬಳ್ಳಿಯಿಂದ ರೈಲಿನಲ್ಲಿ ಜೋಧಪುರಕ್ಕೆ ಹೊರಟಿದ್ದೇವೆ. ಊರು ನೋಡಲು ಇರುವುದು ಒಂದೇ ದಿನ. ಮೆಹ್ರಾನ್‌ಗಢ ಕೋಟೆಯಂತೂ ಖಾತ್ರಿ. ಅದರ ಹತ್ತಿರವೇ ಇರುವ ಬಿಳಿ ಅಮೃತಶಿಲೆಯ ರಾಜಸ್ಮಾರಕ ಜಸವಂತ್ ಥಡಾಕ್ಕೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಕೋಟೆಗಿಂತ ಮೊದಲು ಹೋಗಬೇಕೋ, ಆಮೇಲೋ? ಜೊತೆಗೆ ಮಂಡಿನೋವಿನ ಅಮ್ಮ ಇದ್ದಾರೆ. ಫೋಟೊಗೆ ಬೆಳಕು ಯಾವಾಗ ಚೆನ್ನ? ಗೊತ್ತಿದ್ದವರು ಹೇಳಿ.

*

ಮೊದಲು ಥಡಾ, ಆಮೇಲೆ ಕೋಟೆ. ಎರಡೂ ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತವೆ. ಟಿಕೆಟ್ ಬೇರೆ ಬೇರೆ. ಕೋಟೆಯ ಟಿಕೆಟ್ ತೋರಿಸಿದರೆ ಇಲ್ಲಿ ಒಳಗೆ ಬಿಡುವುದಿಲ್ಲ. ಥಡಾಕ್ಕೆ ಮುಕ್ಕಾಲು ಗಂಟೆ ಸಾಕು, ತೋಟದಲ್ಲಿ ಕೂರುವುದಾದರೆ ಒಂದು ಗಂಟೆ. ಕೋಟೆಗೆ ಎರಡೂವರೆ ಮೂರು ಗಂಟೆ ಬೇಕೇ ಬೇಕು. ಕೋಟೆ ಮುಗಿಸಿ ಬಂದವರು ಕಾಲು ಸೋತು ಥಡಾವನ್ನು ಗೇಟಿನಿಂದಲೇ ನೋಡಿ ಹೊರಟುಬಿಡುತ್ತಾರೆ. ಡಿಸೆಂಬರ್ ರಜೆಯ ಗದ್ದಲದಲ್ಲಿ ಹತ್ತೂವರೆಯ ನಂತರ ಟೂರಿಸ್ಟ್ ಬಸ್ಸುಗಳು ಶುರುವಾಗುತ್ತವೆ, ಅಷ್ಟರೊಳಗೆ ಮುಗಿಸಿಕೊಳ್ಳಿ.

ಆಟೊದವರಿಗೆ ‘ಕೋಟೆ’ ಎಂದಷ್ಟೇ ಹೇಳಿದರೆ ನೇರ ಕೋಟೆಯ ಬಾಗಿಲಿಗೆ ಇಳಿಸುತ್ತಾರೆ. ‘ಮೊದಲು ಜಸವಂತ್ ಥಡಾ, ಅಲ್ಲಿ ಒಂದು ಗಂಟೆ ಕಾಯಬೇಕು, ಆಮೇಲೆ ಕಿಲಾ’ ಎಂದು ಹತ್ತುವ ಮೊದಲೇ ಒಟ್ಟು ದರ ಮಾತಾಡಿ. ಗುಡ್ಡದ ಮೇಲೆ ಖಾಲಿ ಆಟೊ ಸಿಗುವುದು ಅದೃಷ್ಟದ ಮಾತು.

*

ಒಳಗೆ ಏನಿದೆ ಎಂದು ಗೊತ್ತಿದ್ದು ಹೋದರೆ ಒಳ್ಳೆಯದು, ಇಲ್ಲದಿದ್ದರೆ ‘ಇಷ್ಟೇನಾ’ ಅನ್ನಿಸುತ್ತದೆ. ಗೋಲಗುಮ್ಮಟದ ಹಾಗೆ ಇಲ್ಲಿ ಗೋರಿ ಇಲ್ಲ. ಮಡಿಕೇರಿಯ ಗದ್ದುಗೆಯಲ್ಲಿ ಕೊಡಗಿನ ಅರಸರನ್ನು ಹೂಳಿದ್ದಾರೆ. ಇದು ದಹನ ಮಾಡಿದ ರಾಜರ ನೆನಪಿಗೆ ಕಟ್ಟಿದ ಕಟ್ಟಡ. ಮಾರವಾಡವನ್ನು, ಅಂದರೆ ಜೋಧಪುರ ಸಂಸ್ಥಾನವನ್ನು, 1873ರಿಂದ 1895ರವರೆಗೆ ಆಳಿದ ಎರಡನೇ ಜಸವಂತ ಸಿಂಹನಿಗಾಗಿ ಮಗ ಸರದಾರ ಸಿಂಹ 1899ರಲ್ಲಿ ಕಟ್ಟಿಸಿದ್ದು. 17ನೇ ಶತಮಾನದಲ್ಲಿ, ಔರಂಗಜೇಬನ ಕಾಲದಲ್ಲಿದ್ದ ಮೊದಲನೇ ಜಸವಂತ ಸಿಂಹ ಬೇರೆ. ಗೈಡುಗಳೂ ಕೆಲವೊಮ್ಮೆ ಇಬ್ಬರ ಕಥೆಯನ್ನು ಕಲಸುಮೇಲೋಗರ ಮಾಡುತ್ತಾರೆ.

ಸಭಾಂಗಣದ ಗೋಡೆಯ ಮೇಲೆ ಇದೇ ಮನೆತನದ ರಾಠೋಡ ಅರಸರ ಚಿತ್ರಗಳ ಸಾಲಿದೆ. ಹೆಚ್ಚಿನವರು ಅವನ್ನು ನೋಡಿ ಹೊರಬರುತ್ತಾರೆ, ಮುಖ್ಯವಾದದ್ದು ಬಿಟ್ಟೇಹೋಗುತ್ತದೆ. ಮುಖ್ಯವಾದದ್ದು ಗೋಡೆ. ಮಕರಾಣಾದ ಅಮೃತಶಿಲೆಯನ್ನು ಕೆಲವು ಕಡೆ ಎಷ್ಟು ತೆಳುವಾಗಿ ಸೀಳಿ ಕೂರಿಸಿದ್ದಾರೆಂದರೆ ಹೊರಗೆ ಬಿಸಿಲು ಬಿದ್ದಾಗ ಒಳಗಡೆಯಿಂದ ಕಲ್ಲು ಹೊಳೆಯುತ್ತದೆ. ಈ ಕಲ್ಲು ಬಹುಪಾಲು ಕ್ಯಾಲ್ಸೈಟ್ ಹರಳು. ಬೆಳಕು ಸ್ವಲ್ಪ ದೂರ ಒಳಹೊಕ್ಕು ಚದುರುತ್ತದೆ. ಹಲಗೆ ತೆಳುವಿದ್ದರೆ ಆಚೆ ಬದಿಗೂ ಬರುತ್ತದೆ, ಕಂಬವೋ ದಪ್ಪ ಅಂಚೋ ಅಡ್ಡ ಬಂದಲ್ಲಿ ನಿಂತುಹೋಗುತ್ತದೆ. ನೋಡುವ ಕ್ರಮ ಹೀಗೆ: ಮೊದಲು ಹೊರಗೆ ಒಂದು ಸುತ್ತು ಬಂದು ನೇರ ಬಿಸಿಲು ಯಾವ ಗೋಡೆಗೆ ಬಿದ್ದಿದೆ ಎಂದು ಗುರುತು ಮಾಡಿಕೊಳ್ಳಿ. ಒಳಗೆ ಹೋಗಿ ಅದೇ ಗೋಡೆಗೆ ಮುಖ ಮಾಡಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಹೊರಗಿನ ಬೆಳ್ಳನೆ ಬೆಳಕಿಗೆ ಕಣ್ಣು ಕುಗ್ಗಿರುತ್ತದೆ, ಹೊಕ್ಕ ಕೂಡಲೇ ಏನೂ ತಿಳಿಯುವುದಿಲ್ಲ. ಆಮೇಲೆ ಬಿಳಿ ಹಲಗೆ ಒಳಗಿನಿಂದ ಬೆಚ್ಚನೆಯ ಹಳದಿಗೆ ತಿರುಗಿದ್ದು ಕಾಣುತ್ತದೆ, ಕಲ್ಲಿನ ಬೂದು ನರಗಳು ಅದರಲ್ಲಿ ಎದ್ದು ನಿಲ್ಲುತ್ತವೆ. ಮೋಡದ ದಿನ ಇದ್ಯಾವುದೂ ಇಲ್ಲ.

ಒಂದು ವಿನಂತಿ. ಕಂಬಕ್ಕೆ ಕುಂಕುಮ ಹಚ್ಚುವುದು, ಕೈಯಲ್ಲಿ ನಿಂಬೆ ಸೋಡಾ ಹಿಡಿದು ಮೆಟ್ಟಿಲ ಮೇಲೆ ಕೂರುವುದು ಬೇಡ. ಹುಳಿ ಬಿದ್ದರೆ ಅಮೃತಶಿಲೆಯ ಪಾಲಿಶ್ ಅಲ್ಲೇ ಸತ್ತು ಮಂಕು ಕಲೆ ಉಳಿಯುತ್ತದೆ, ಒರೆಸಿದರೆ ಹೋಗುವುದಿಲ್ಲ.

*

ಫೋಟೊ ವಿಷಯ. ಜೋಧಪುರ ಬೆಂಗಳೂರಿಗಿಂತ ಪಶ್ಚಿಮಕ್ಕಿದೆ, ಗಡಿಯಾರ ಒಂದೇ. ಹಾಗಾಗಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ 7.20ರ ಸುಮಾರಿಗೆ, ನೆತ್ತಿಗೆ ಬರುವುದು ಸುಮಾರು 12.40ಕ್ಕೆ, ಮುಳುಗುವುದು 5.50ರ ಹತ್ತಿರ. 9ಕ್ಕೆ ಗೇಟು ತೆರೆದಾಗಲೂ ಬಿಸಿಲು ಓರೆಯಾಗಿಯೇ ಇರುತ್ತದೆ. ಸಂಜೆ 4ರಿಂದ 5ರ ಬೆಳಕು ಇನ್ನೂ ಚೆನ್ನ. ಇದು ಚಳಿಗಾಲದ ಲೆಕ್ಕ. ಜೂನ್‌ನಲ್ಲಿ ಸೂರ್ಯ ಮುಳುಗುವುದು ಏಳೂವರೆಗೆ, ಗೇಟು ಮುಚ್ಚುವಾಗ ಬಿಸಿಲು ಇನ್ನೂ ಮೇಲಿರುತ್ತದೆ.

ಥಡಾ ಇರುವುದು ಕೋಟೆಯ ಈಶಾನ್ಯಕ್ಕೆ. ಥಡಾದ ಜಗಲಿಯಿಂದ ಕೋಟೆಯ ಚಿತ್ರ ಬೇಕಿದ್ದರೆ ಬೆಳಿಗ್ಗೆಯೇ ಹೋಗಿ. ಸಂಜೆ ಚಳಿಗಾಲದ ಸೂರ್ಯ ನೈಋತ್ಯಕ್ಕೆ, ಅಂದರೆ ಕೋಟೆಯ ಬೆನ್ನಿಗೇ ಇಳಿಯುತ್ತಾನೆ, ಕೋಟೆ ಕಪ್ಪು ಆಕೃತಿಯಾಗಿ ಮಾತ್ರ ಸಿಗುತ್ತದೆ. ಕೋಟೆಯ ಮೇಲಿನಿಂದ ಥಡಾದ ಚಿತ್ರಕ್ಕೆ ಇದರ ತಿರುಗಮುರುಗ: ಮಧ್ಯಾಹ್ನ ಮೂರರ ಮೇಲೆ ಸೂರ್ಯ ನಿಮ್ಮ ಬೆನ್ನ ಹಿಂದಿರುತ್ತಾನೆ, ಬಂಡೆಗಳ ನಡುವೆ ಬಿಳಿ ಕಟ್ಟಡ ಒಂದೇ ಬೆಳಗುತ್ತದೆ.

ಚೌಕಟ್ಟು ತುಂಬ ಬಿಳಿ ಕಲ್ಲೇ ಇದ್ದರೆ ಕ್ಯಾಮೆರಾ ಮೋಸಹೋಗಿ ಅದನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ +0.7ರಿಂದ +1ಕ್ಕೆ ಏರಿಸಿ. ಮುಂದೆ ಕೆಂಪು ಕಲ್ಲಿನ ಮೆಟ್ಟಿಲು, ಹಿಂದೆ ಕಪ್ಪು ಬಂಡೆ ಹೆಚ್ಚಿದ್ದರೆ ಉಲ್ಟಾ, ಬಿಳಿ ಸುಟ್ಟುಹೋಗುತ್ತದೆ, ಅಷ್ಟೇ ಇಳಿಸಿ. ಮೊಬೈಲಿನಲ್ಲಾದರೆ ಗೋಡೆಯ ಮೇಲೆ ಬೆರಳೊತ್ತಿ ಬೆಳಕಿನ ಗುರುತನ್ನು ಸರಿಸಿದರೆ ಆಯಿತು.

ಸೂರ್ಯೋದಯವನ್ನೇ ಅಲ್ಲಿ ನೋಡಬೇಕೆನ್ನುವವರಿಗೆ ಒಂದು ದಾರಿ: ಅಕ್ಟೋಬರ್‌ನಲ್ಲಿ ಶರದ್ ಪೂರ್ಣಿಮೆಯ ಆಸುಪಾಸು ನಡೆಯುವ ಜೋಧಪುರ ಜನಪದ ಸಂಗೀತೋತ್ಸವದ ಮುಂಜಾನೆಯ ಕಛೇರಿಗಳು ಥಡಾದಲ್ಲಿ ಆಗುತ್ತವೆ. ಉಳಿದಂತೆ 9ರ ಮೊದಲು ಗೇಟು ತೆಗೆಸುವ ಆಸೆ ತೋರಿಸುವವರಿಗೆ ದುಡ್ಡು ಕೊಡಬೇಡಿ.

*

ಅಮ್ಮನ ಬಗ್ಗೆ. ಗೇಟಿನಿಂದ ತೋಟದವರೆಗೆ ತೊಂದರೆಯಿಲ್ಲ, ಕಟ್ಟಡಕ್ಕೆ ಮೆಟ್ಟಿಲು ಹತ್ತಬೇಕು. ಸ್ಮಾರಕದ ಒಳಗೆ ಚಪ್ಪಲಿ ಇಲ್ಲ. ಡಿಸೆಂಬರ್ ಬೆಳಿಗ್ಗೆ ಕಲ್ಲು ಕೊರೆಯುವಷ್ಟು ತಣ್ಣಗಿರುತ್ತದೆ, ಮಂಡಿನೋವಿನವರಿಗೆ ದಪ್ಪ ಸಾಕ್ಸ್ ಬೇಕು. ಆದರೆ ಪಾಲಿಶ್ ಕಲ್ಲಿನ ಮೇಲೆ ನುಣುಪು ಸಾಕ್ಸ್ ಜಾರುತ್ತದೆ, ಅಡಿಯಲ್ಲಿ ರಬ್ಬರ್ ಚುಕ್ಕೆಯಿರುವುದನ್ನೇ ತನ್ನಿ. ಬೇಸಿಗೆಯಲ್ಲಿ ಹೋಗುವವರಿಗೆ ಸಾಕ್ಸ್ ಬೇಕಾಗುವುದು ಬೇರೆ ಕಾರಣಕ್ಕೆ: ಬಿಳಿ ಕಲ್ಲು ಬಿಸಿಲನ್ನು ಹಿಂದಕ್ಕೆಸೆಯುತ್ತದೆ, ಕೆಂಪು ಮರಳುಗಲ್ಲು ಕುಡಿದಿಟ್ಟುಕೊಂಡು ಪಾದ ಸುಡುತ್ತದೆ.

ಕೋಟೆಯಲ್ಲಿ ಲಿಫ್ಟ್ ಇದೆ, ಅದಕ್ಕೆ ಬೇರೆ ಟಿಕೆಟ್. ಅಮ್ಮನನ್ನು ಲಿಫ್ಟಿನಲ್ಲಿ ಮೇಲೆ ಕರೆದೊಯ್ದು, ಇಳಿಜಾರಿನಲ್ಲಿ ನಿಧಾನವಾಗಿ ನಡೆಸಿ ಎಂದು ಎಲ್ಲರೂ ಹೇಳುತ್ತಾರೆ. ಅದು ತಪ್ಪು ಸಲಹೆ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಕೋಟೆಯ ದಾರಿ ಕಡಿದಾದ ಕಲ್ಲುಹಾಸು. ಇಳಿಯುವುದಕ್ಕೂ ಲಿಫ್ಟ್ ಬಳಸಿ.

*

ಮೊದಲ ಉತ್ತರಕ್ಕೆ ಅರ್ಧ ಒಪ್ಪಿಗೆ. ಅಮ್ಮ ಜೊತೆಗಿದ್ದರೆ ಥಡಾ ಮೊದಲು, ಸರಿ. ನಡೆಯುವವರಾದರೆ ಕೋಟೆ ಮೊದಲು ನೋಡಿ ಇಳಿಜಾರಿನಲ್ಲಿ ಥಡಾಕ್ಕೆ ಬರುವುದೇ ಲಾಭ. ಸುಮಾರು ಒಂದು ಕಿಲೋಮೀಟರ್, ಹದಿನೈದು ನಿಮಿಷ. ಆದರೆ ಹೊರಬೀಳುವುದು ಜೈ ಪೋಲ್ ಬಾಗಿಲಿನಿಂದಲೇ ಆಗಬೇಕು. ಜನರ ಹಿಂದೆ ಹೋಗಿ ಫತೇ ಪೋಲ್‌ನಲ್ಲಿ ಇಳಿದರೆ ನೀಲಿ ಮನೆಗಳ ಓಣಿ ಸೇರುತ್ತೀರಿ. ಓಣಿ ಸೊಗಸಾಗಿದೆ, ಥಡಾ ಮಾತ್ರ ಗುಡ್ಡದ ಆಚೆ ಉಳಿಯುತ್ತದೆ.

ದಾರಿಯ ಬಂಡೆಗಳನ್ನೂ ನೋಡಿಕೊಂಡು ಬನ್ನಿ. ಕೋಟೆ ಕೂತಿರುವುದು ಸುಮಾರು 75 ಕೋಟಿ ವರ್ಷ ಹಳೆಯ ಜ್ವಾಲಾಮುಖಿ ಕಲ್ಲಿನ ಮೇಲೆ. ಹತ್ತಿರದ ರಾವ್ ಜೋಧಾ ಮರುಭೂಮಿ ಉದ್ಯಾನ 72 ಹೆಕ್ಟೇರ್. ನಮ್ಮ ಬಳ್ಳಾರಿ ಜಾಲಿಯೇ ಅಲ್ಲಿ ಬಂಡೆಯ ಬಿರುಕಿಗೆ ಬೇರಿಳಿಸಿ ಊರ ಗಿಡಗಳನ್ನು ನುಂಗಿತ್ತು. ಮೇಲೆ ಕಡಿದರೆ ಮತ್ತೆ ಚಿಗುರುವ ಜಾತಿ, ಹಾಗಾಗಿ ಮರಳುಗಲ್ಲಿನ ಗಣಿ ಕೆಲಸದವರನ್ನು ಕರೆಸಿ ಬಂಡೆ ಒಡೆದು ಬುಡಸಮೇತ ಕೀಳಿಸಿದರು. ಬಯಲುಸೀಮೆಯವರಿಗೆ ಇದು ಕೋಟೆಗಿಂತ ಹೆಚ್ಚು ರುಚಿಸಬಹುದು.

*

ಥಡಾದ ಪಕ್ಕದ ಕೆರೆ ದೇವಕುಂಡ. ಮಳೆಗಾಲ ಕಳೆದ ಮೇಲೆ ನೀರಿರುತ್ತದೆ. ಆವರಣದಲ್ಲಿ ನವಿಲಿಗೂ ಒಂದು ಪುಟ್ಟ ಸ್ಮಾರಕವಿದೆ, ಚಿತೆಗೆ ಹಾರಿಬಂದು ಬಿದ್ದ ನವಿಲಿನದು ಎಂದು ಹೇಳುತ್ತಾರೆ.

ಮಧ್ಯಾಹ್ನದ ಮೇಲೆ ಸಮಯ ಉಳಿದರೆ ಮಾರುಕಟ್ಟೆಗೆ ಹೋಗುವ ಬದಲು ಉತ್ತರಕ್ಕೆ 9 ಕಿಲೋಮೀಟರ್ ದೂರದ ಮಂಡೋರಿಗೆ ಹೋಗಿ. ಎರಡನೇ ಜಸವಂತ ಸಿಂಹನಿಗಿಂತ ಹಿಂದಿನ ಅರಸರ ಸ್ಮಾರಕಗಳು ಇರುವುದು ಅಲ್ಲಿ. ಎಲ್ಲ ಕೆಂಪು ಮರಳುಗಲ್ಲು, ಶಿಖರವಿರುವ ದೇವಸ್ಥಾನದ ಮಾದರಿ. 1724ರಲ್ಲಿ ತೀರಿಕೊಂಡ ಅಜಿತ ಸಿಂಹನದು ಎಲ್ಲಕ್ಕಿಂತ ದೊಡ್ಡದು. ಬೆಳಿಗ್ಗೆ ಬಿಳಿ ಕಲ್ಲು ನೋಡಿ ಸಂಜೆ ಇದನ್ನು ನೋಡಿದರೆ ಒಂದೇ ಮನೆತನದ ಕೈ ಎಷ್ಟು ಬದಲಾಯಿತು ಎಂದು ತಿಳಿಯುತ್ತದೆ. ತಿಂಡಿ ಪೊಟ್ಟಣವನ್ನು ಚೀಲದ ಒಳಗಿಡಿ, ಮುಸುವಗಳ ಕಾಟ ಬಹಳ.

ಇನ್ನು ರೈಲು: ನಿಮ್ಮ ಟಿಕೆಟ್ ಜೋಧಪುರ ಜಂಕ್ಷನ್‌ಗೋ ಭಗತ್ ಕೀ ಕೋಠಿಗೋ ನೋಡಿಕೊಂಡು ರೂಮು ಮಾಡಿ. ಎರಡನೆಯದು ಊರಿನ ದಕ್ಷಿಣಕ್ಕಿದೆ, ಕೋಟೆ ಉತ್ತರಕ್ಕೆ.